ಅಂಗೈ ಮೇಲಣ ರಾವುತ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ, ಪಟ್ಟದ ಬೊಂಬೆಗಳ ಕೆಳಗಣ ಮೆಟ್ಟಿಲಿನ ಮೇಲೆ, ಶೆಟ್ಟಿ ಶೆಟ್ಟಿಗಿತ್ತಿಯರ ಮಗ್ಗುಲಲ್ಲೆಲ್ಲಿಯಾದರೂ, ಕೆಂಪು ನಿಲುವಂಗಿ ತೊಟ್ಟು ಈಟಿ ಹಿಡಿದ ಕುದುರೆ ಸವಾರನೊಬ್ಬನು ಸಾಮಾನ್ಯವಾಗಿ ಇದ್ದೇ ಇರುತ್ತಾನೆ. ಮಕ್ಕಳು ಮೊದಲು ಕೈಯಿಡುವುದು ಅವನ ಮೇಲೆಯೇ. ಆದರೆ ಅವನ ರುಮಾಲಿನ ಸುತ್ತು ಯಾವ ದಳದ್ದು, ಎದೆಯ ಮೇಲೆ ಬಳಿದಿರುವ ಹಳದಿಯ ಚುಕ್ಕೆಗಳು ಯಾವ ಯುದ್ಧದ ಪದಕಗಳು, ಅವನು ಯಾವ ಒಡೆಯರ ಕಾಲದಲ್ಲಿ ಯಾವ ಬೀದಿಯಲ್ಲಿ ಸವಾರಿ ಹೊರಟವನು ಎಂದು ಕೇಳಿದರೆ ಹೇಳುವವರಾರೂ ಇಲ್ಲ. ಆ ಬೊಂಬೆಯನ್ನು ಮಾಡಿದ ಕೈಗೆ ಆ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲವಷ್ಟೆ. ಇಂಥ ಪ್ರತಿಯೊಂದು ಪ್ರಶ್ನೆಗೂ ನಿಶ್ಚಿತವಾದ ಉತ್ತರವುಳ್ಳ ರಾವುತನನ್ನು, ಅಂಗೈಯ ಮೇಲೆ ನಿಲ್ಲುವಷ್ಟು ಕಿರಿದಾದ ಎದೆಮಟ್ಟದ ಮೂರ್ತಿಯಾಗಿ, ನಮ್ಮ ನಾಡಿನಲ್ಲಿಯೇ, ನಮ್ಮ ಕುಶಲಿಗಳ ಕೈಯಿಂದಲೇ ಮಾಡಿಸುವುದು ಸಾಧ್ಯವೂ ಹೌದು, ಕರ್ತವ್ಯವೂ ಹೌದು ಎಂಬುದು ನನ್ನ ಅಭಿಮತ.

ಅಂತರಘಟ್ಟೆಯಲ್ಲಿ ಕುಳಿತು ಅಶ್ವದಳದ ಮಾತೆತ್ತುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ನಮ್ಮದು ಎತ್ತಿನ ಸೀಮೆ. ಚಳಿಗಾಲ ಹಿಂದೆಗೆಯುವ ದಿನಗಳಲ್ಲಿ ದುರ್ಗಾಂಬೆಯ ಜಾತ್ರೆಗೆಂದು ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಊರುಗಳಿಂದ ಸಿಂಗರಿಸಿದ ಗಾಡಿಗಳು ಧೂಳೆಬ್ಬಿಸುತ್ತ ಬಂದು ಸೇರುವಾಗ, ದಾರಿಯ ಬದಿಯಲ್ಲಿ ಕುಳಿತ ಹಿರಿಯರು ಎತ್ತಿನ ಕೊಂಬಿನ ಅಣಸನ್ನೂ ಹಣೆಪಟ್ಟಿಯನ್ನೂ ಗೆಜ್ಜೆಸರವನ್ನೂ ಬೆನ್ನಿನ ಜೂಲನ್ನೂ ಒಂದೊಂದಾಗಿ ನೋಡಿ, ಈ ಜೋಡಿ ಯಾವ ಕಡೆಯದು, ಈ ಸಿಂಗಾರದಲ್ಲಿ ಹಳೆಯದೆಷ್ಟು, ಪೇಟೆಯಿಂದ ನಿನ್ನೆ ತಂದದ್ದೆಷ್ಟು ಎಂಬುದನ್ನು ಥಟ್ಟನೆ ಹೇಳಿಬಿಡುತ್ತಾರೆ. ಉತ್ಸವದ ಅಲಂಕಾರದಲ್ಲಿಯೂ ಸರಿ ತಪ್ಪುಗಳುಂಟು, ಒಂದು ಗೆಜ್ಜೆ ಇರಬೇಕಾದೆಡೆ ಇರದಿದ್ದರೆ ಅದು ಕಣ್ಣಿಗೆ ಚುಚ್ಚುತ್ತದೆ ಎಂಬ ಆ ಅರಿವೇ ನಾನು ಹೇಳಹೊರಟಿರುವ ಕಲೆಯ ಮೂಲಧನ. ಅಷ್ಟೇ ಅಲ್ಲದೆ, ಮೈಸೂರಿನ ಸೈನ್ಯದೊಡನೆ ಈ ಸೀಮೆಯ ಸಂಬಂಧ ಬಹು ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂದಾದ ಆ ಗೋಸಂಪತ್ತಿನ ತಳಿಕೇಂದ್ರ ಅಜ್ಜಂಪುರದಲ್ಲಿ ಇಂದಿಗೂ ಇದೆ. ಹೈದರಾಲಿಯು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುಹೋದುದು ಈ ತಳಿಯ ಎತ್ತುಗಳ ಬಲದಿಂದ ಎಂದು ಗ್ಯಾಸೆಟಿಯರುಗಳು ಬರೆದಿವೆ. ರಾವುತನ ಹಿಂದೆ ತೋಪನ್ನೆಳೆದುಕೊಂಡು ನಡೆದದ್ದು ನಮ್ಮ ಕಾವಲುಗಳ ಹುಲ್ಲು ಮೇಯ್ದ ಎತ್ತು. ಆದಕಾರಣ ಆ ರಾವುತನ ವಿಚಾರ ನಮಗೆ ಹೊರಗಿನದಲ್ಲ.

ಈ ಕಲೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬವರ ಸಂಸ್ಥೆ ಸೀಸದ ಸಿಪಾಯಿಯನ್ನು ಒಳಗೆ ಟೊಳ್ಳಾಗಿ ಎರೆಯುವ ವಿಧಾನವನ್ನು ಬಳಕೆಗೆ ತಂದು ಅವನನ್ನು ಸಾಮಾನ್ಯರ ಮಕ್ಕಳ ಕೈಗೂ ಎಟುಕಿಸಿತು. ಮಕ್ಕಳ ಆಟಿಕೆಯಾಗಿ ಮೊದಲಾದುದು ಕಾಲಾನುಕ್ರಮದಲ್ಲಿ ಇತಿಹಾಸಾಸಕ್ತರ ಗಂಭೀರವಾದ ಹವ್ಯಾಸವಾಗಿ ಬೆಳೆದು, ಪೂರ್ಣದೇಹದ ಗೊಂಬೆಯ ಜೊತೆಗೆ ಎದೆಮಟ್ಟದ ಮೂರ್ತಿಯೂ ಒಂದು ಪ್ರತ್ಯೇಕ ಪ್ರಕಾರವಾಗಿ ನಿಂತಿತು. ನಿಜವಾದ ಮನುಷ್ಯನ ಹತ್ತನೆಯ ಒಂದು ಅಥವಾ ಹನ್ನೆರಡನೆಯ ಒಂದು ಅಳತೆಯಲ್ಲಿ ಮುಖ, ಶಿರಸ್ತ್ರಾಣ, ಹೆಗಲು, ಎದೆ ಇಷ್ಟನ್ನೇ ರೂಪಿಸಿ, ಬಣ್ಣವಿಟ್ಟು, ಪೀಠದ ಮೇಲೆ ನಿಲ್ಲಿಸುವುದು ಇದರ ಕ್ರಮ. ಲಂಡನ್ನಿನ ಅರಮನೆಯ ಅಶ್ವದಳ ಇಂಥ ಮೂರ್ತಿಕಾರರಿಗೆ ಬಹು ಪ್ರಿಯವಾದ ವಸ್ತು. ಅಲ್ಲಿಯ ಲೈಫ್ ಗಾರ್ಡ್ಸ್ ದಳಕ್ಕೆ ಕೆಂಪಂಗಿ, ಬಿಳಿಯ ತುರಾಯಿ. ಬ್ಲೂಸ್ ಅಂಡ್ ರಾಯಲ್ಸ್ ದಳಕ್ಕೆ ನೀಲಿಯಂಗಿ, ಕೆಂಪು ತುರಾಯಿ. ತುರಾಯಿಯೊಂದು ಅದಲುಬದಲಾದರೆ ಅಲ್ಲಿಯ ಶಾಲೆಯ ಹುಡುಗನೂ ಗುರುತಿಸಿಯಾನು. ಅವರ ರಾವುತನನ್ನು ಅವರು ಬಲ್ಲರು. ನಮ್ಮ ರಾವುತನನ್ನು ನಾವು ಅಷ್ಟರಮಟ್ಟಿಗೆ ಬಲ್ಲೆವೆ?

ಬಲ್ಲೆವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಬಲ್ಲವರಾಗಲು ಬೇಕಾದ ಇತಿಹಾಸ ನಮ್ಮಲ್ಲಿ ಧಾರಾಳವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಮೇಲೆ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ರಾಜ್ಯದ ಅಶ್ವಬಲ ಹೊಸದಾಗಿ ವ್ಯವಸ್ಥೆಗೊಂಡಿತು. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಸವಾರರನ್ನು ಸದಾ ಸಜ್ಜಾಗಿ ಇಟ್ಟಿರಬೇಕಾಯಿತು. ತನ್ನ ಸ್ವಂತ ಕುದುರೆಯೊಡನೆ ಚಾಕರಿಗೆ ಬಂದವನು ಸಿಲ್ಲೇದಾರ, ಪರರ ಕುದುರೆಯ ಮೇಲೆ ಕುಳಿತವನು ಬಾರ್ಗೀರ. 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಸಾಮ್ರಾಜ್ಯ ಸೇವೆಯ ಲ್ಯಾನ್ಸರ್ ದಳ ಏರ್ಪಟ್ಟಿತು. ಅದೇ ಮುಂದೆ ಜನರ ಬಾಯಲ್ಲಿ ಮೈಸೂರು ಲ್ಯಾನ್ಸರ್ಸ್ ಎಂದು ನಿಂತ ದಳ. 1914ರಲ್ಲಿ ಹಡಗನ್ನೇರಿ ಈಜಿಪ್ಟಿಗೆ ಹೋದ ಆ ಸವಾರರು ಸೂಯೆಜ್ ಕಾಲುವೆಯನ್ನು ಕಾದರು, ಸಿನಾಯಿಯ ಮರಳನ್ನು ದಾಟಿದರು, ಪ್ಯಾಲೆಸ್ಟೈನಿನಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಲ್ಯಾನ್ಸರುಗಳು ಹೈಫಾ ಪಟ್ಟಣದ ಮೇಲೆ ನೇರವಾಗಿ ಏರಿ ಹೋಗುತ್ತಿದ್ದಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಮಗ್ಗುಲನ್ನು ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿದರು. ಅಲ್ಲಿಗೂ ಮುಗಿಯಲಿಲ್ಲ, ಅಕ್ಟೋಬರ್ 26ರಂದು ಅಲೆಪ್ಪೋ ನಗರದ ಆಚೆಯ ಹರಿತಾನಿನಲ್ಲಿ, ಕದನವಿರಾಮಕ್ಕೆ ಕೆಲವೇ ದಿನಗಳಿರುವಾಗ, ಅವರು ಮತ್ತೊಮ್ಮೆ ಈಟಿಯನ್ನು ಮುಂಚಾಚಿ ಕುದುರೆಗಳನ್ನು ದೌಡಾಯಿಸಬೇಕಾಯಿತು. ಹಿಂದಿರುಗಿ ಬಂದು ಊರು ಸೇರಿದುದು 1920ರಲ್ಲಿ. ಸ್ವಾತಂತ್ರ್ಯಾನಂತರ, 1953ರಲ್ಲಿ, ಸಂಸ್ಥಾನಗಳ ಅಶ್ವದಳಗಳನ್ನು ಒಗ್ಗೂಡಿಸಿ ಭಾರತ ಸೈನ್ಯದ 61ನೆಯ ಕ್ಯಾವಲ್ರಿಯನ್ನು ಕಟ್ಟಿದಾಗ ಗ್ವಾಲಿಯರ್, ಜೋಧಪುರಗಳೊಡನೆ ಮೈಸೂರಿನ ಪರಂಪರೆಯೂ ಅದರಲ್ಲಿ ಲೀನವಾಯಿತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕಾಣುವ ಕುದುರೆ ಸಾಲು ಆ ದಳದ್ದೇ. ಮೈಸೂರಿನ ದಸರೆಯಲ್ಲಿ, ಜಂಬೂಸವಾರಿಯ ದಾರಿಯಲ್ಲಿಯೂ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿಯೂ ಈಗ ಆ ಸ್ಥಾನವನ್ನು ತುಂಬಿರುವವರು ಪೊಲೀಸ್ ಇಲಾಖೆಯ ಅಶ್ವಾರೋಹಿಗಳು.

ಇಷ್ಟೆಲ್ಲ ಇದ್ದರೂ ಉತ್ಸವದ ಉಡುಪಿನ ಸಿಪಾಯಿಯನ್ನು ಅಷ್ಟು ಶ್ರಮದಿಂದ ರೂಪಿಸಬೇಕೇಕೆ, ಅದು ಅರಮನೆಯ ಆಡಂಬರವಲ್ಲವೆ ಎಂಬ ಆಕ್ಷೇಪಣೆಯನ್ನು ನಾನು ಕೇಳಿದ್ದೇನೆ. ಯುದ್ಧರಂಗದ ಖಾಕಿಯಲ್ಲಿದ್ದವನೂ ದಸರೆಯ ಜರಿಯಲ್ಲಿದ್ದವನೂ ಒಬ್ಬನೇ ಮನುಷ್ಯ ಎಂಬುದು ಅದಕ್ಕೆ ನನ್ನ ಉತ್ತರ. ಖಾಕಿಯೊಳಗೆ ಎಲ್ಲ ರಾಜ್ಯಗಳ ಸವಾರರೂ ಬಹುಮಟ್ಟಿಗೆ ಒಂದೇ ಆಗಿ ಕಾಣುತ್ತಿದ್ದರು. ಇವನು ಮೈಸೂರಿನವನು, ಇವನು ಹೈದರಾಬಾದಿನವನು ಎಂದು ಕಣ್ಣಿಗೆ ತಿಳಿಯುತ್ತಿದ್ದುದು ಉತ್ಸವದ ಉಡುಪಿನಲ್ಲಿ. ಊರಿನ ಜನ ಅವನನ್ನು ಕಂಡದ್ದೂ ಆ ಉಡುಪಿನಲ್ಲಿಯೇ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಭಾರವಾದುದು. ಆ ಸವಾರರು ಪರರ ಸಾಮ್ರಾಜ್ಯಕ್ಕಾಗಿ ಪರದೇಶದಲ್ಲಿ ಕಾದಿದವರು, ಅವರ ಮೂರ್ತಿಯನ್ನು ಮಾಡಿ ನಾವು ದಾಸ್ಯವನ್ನು ಮೆರೆಸಬೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ. ಹಾಗೆ ಭಾವಿಸುವುದರಿಂದಲೇ ಮೂರ್ತಿ ಯಥಾರ್ಥವಾಗಿರಬೇಕೆಂದು ಪಟ್ಟುಹಿಡಿಯುತ್ತೇನೆ. ಬೊಂಬೆಯ ಅಂಗಡಿಯ ಕೆಂಪಂಗಿಯ ಸಿಪಾಯಿ ಯಾರ ಸೇವಕನೆಂಬುದನ್ನು ಹೇಳದೆ ಬರಿಯ ವೀರನಾಗಿ ನಿಂತುಬಿಡುತ್ತಾನೆ. ನಿಜವಾದ ಸವಾರನ ಎದೆಯಾದರೋ ಎಲ್ಲವನ್ನೂ ಹೇಳುತ್ತದೆ: ಮೈಸೂರಿನ ಗಂಡಭೇರುಂಡದ ಲಾಂಛನದಿಂದ ಕೆಲವೇ ಅಂಗುಲಗಳ ದೂರದಲ್ಲಿ ಇಂಗ್ಲೆಂಡಿನ ದೊರೆಯ ಮುಖವಿರುವ ಬೆಳ್ಳಿಯ ಪದಕ ತೂಗುತ್ತಿರುತ್ತದೆ. ಎರಡು ಸ್ವಾಮಿತ್ವಗಳ ಕೆಳಗೆ ಬದುಕಿದ ಒಂದು ತಲೆಮಾರಿನ ಇಕ್ಕಟ್ಟನ್ನು ಅಷ್ಟು ಚಿಕ್ಕ ಜಾಗದಲ್ಲಿ, ಒಂದು ಮಾತನ್ನೂ ಆಡದೆ, ಮತ್ತಾವ ವಸ್ತು ತಾನೆ ತೋರಿಸೀತು? ಪದಕವನ್ನು ಮರೆಸಿದರೂ ಸುಳ್ಳು, ಲಾಂಛನವನ್ನು ಮರೆಸಿದರೂ ಸುಳ್ಳು. ಎರಡನ್ನೂ ಅವು ಇದ್ದೆಡೆಯಲ್ಲಿಯೇ ಇರಿಸಿದರೆ ನೋಡುವವನು ತನ್ನ ತೀರ್ಮಾನವನ್ನು ತಾನೇ ಮಾಡಿಕೊಳ್ಳಬಲ್ಲ.

ಇನ್ನು ಕೆಲಸದ ಮೇಜಿನ ಬಳಿಗೆ ಬರೋಣ. ನನ್ನ ಅಭಿಪ್ರಾಯಗಳೆಲ್ಲ ಹುಟ್ಟಿದುದು ಅಲ್ಲಿ. ಹತ್ತನೆಯ ಒಂದು ಅಳತೆಯಲ್ಲಿ ಮನುಷ್ಯನ ತಲೆ, ಗದ್ದದಿಂದ ನೆತ್ತಿಯವರೆಗೆ, ಎರಡು ಸೆಂಟಿಮೀಟರಿಗಿಂತ ಕೊಂಚ ಹೆಚ್ಚು. ಕಣ್ಣಿನ ಅಗಲ ಸುಮಾರು 3 ಮಿಲಿಮೀಟರ್. ತಂತಿಯನ್ನು ತಿರುಚಿ ಒಳಗಣ ಎಲುಬನ್ನು ಮಾಡಿಕೊಂಡು, ಎರಡು ಪಾಲಿನ ಎಪಾಕ್ಸಿ ಪುಟ್ಟಿಯನ್ನು ಚೆನ್ನಾಗಿ ನಾದಿ, ಅದು ಬಿಗಿಯುವುದರೊಳಗಾಗಿ ಮೊದಲು ಬುರುಡೆಯನ್ನು ಕೂರಿಸಬೇಕು. ಕಣ್ಣಿನ ಕುಳಿಗಳನ್ನು ಒತ್ತಿ, ಒಳಗೆ ಗುಡ್ಡೆಗಳನ್ನಿರಿಸಿ, ಅವು ಕಲ್ಲಿನಂತಾಗುವ ತನಕ ಮುಟ್ಟದೆ ಬಿಟ್ಟು, ಆ ಮೇಲೆ ಕೂದಲಿನಷ್ಟು ಸಣ್ಣ ಎಳೆಗಳಿಂದ ರೆಪ್ಪೆಗಳನ್ನು ಹಚ್ಚಬೇಕು. ಆತುರಪಟ್ಟು ಗುಡ್ಡೆಯನ್ನೂ ರೆಪ್ಪೆಯನ್ನೂ ಒಂದೇ ಸಲಕ್ಕೆ ಮಾಡಿದವನ ಮೂರ್ತಿ ಸದಾ ಬೆರಗುಗಣ್ಣಿನಿಂದ ನೋಡುತ್ತಿರುತ್ತದೆ. ಹಲ್ಲಿನ ವೈದ್ಯರು ಬಳಸುವ ಉಕ್ಕಿನ ಕೊಕ್ಕೆಗಳು, ಹೊಲಿಗೆಯ ಸೂಜಿ, ನೀರಿನಲ್ಲಿ ನೆನೆದ ಕುಂಚ, ಒಂದು ಭೂತಗನ್ನಡಿ, ಇಷ್ಟೇ ಸಲಕರಣೆ.

ರುಮಾಲು ಈ ಕಲೆಯ ಕಠಿನ ಪರೀಕ್ಷೆ. ಲೋಹದ ಶಿರಸ್ತ್ರಾಣಕ್ಕೆ ಒಂದು ನಿಶ್ಚಿತವಾದ ಆಕಾರವಿದೆ, ರುಮಾಲಿಗೆ ಅದಿಲ್ಲ. ಅದು ಒಂದು ನಡತೆ. ಉದ್ದವಾದ ಬಟ್ಟೆಯೊಂದು ಎಲ್ಲಿಯೋ ಮೊದಲಾಗಿ, ಕಿವಿಯ ಮೇಲಂಚನ್ನು ಕೊಂಚ ಅದುಮಿ, ಹಣೆಯ ಮೇಲೆ ಒಂದು ಸುತ್ತು ಮತ್ತೊಂದನ್ನು ದಾಟಿ, ಹಿಂದಕ್ಕೆ ಹೋಗಿ, ತನ್ನಡಿಯಲ್ಲಿ ತಾನೇ ಸಿಕ್ಕಿಕೊಂಡು, ಕಡೆಗೆ ಒಂದು ಸೆರಗಾಗಿ ಹೊರಬೀಳುತ್ತದೆ. ಉಂಡೆಯೊಂದನ್ನು ಮಾಡಿ ಅದರ ಮೇಲೆ ಗೆರೆಗಳನ್ನು ಗೀಚಿದರೆ ದೂರದಿಂದ ಅದು ರುಮಾಲಿನಂತೆಯೇ ಕಂಡೀತು. ಆದರೆ ಒಂದು ಮಡಿಕೆಯ ಜಾಡನ್ನು ಕಣ್ಣಿನಿಂದ ಹಿಡಿದು ಹೊರಟವನು ಅರ್ಧ ದಾರಿಯಲ್ಲಿ ನಿಲ್ಲುತ್ತಾನೆ, ಆ ಮಡಿಕೆ ಎಲ್ಲಿಂದಲೂ ಬಂದಿರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಈ ಕಾರಣದಿಂದ ಮೊದಲು ಪಂಚೆಯೊಂದನ್ನು ನಿಜವಾದ ತಲೆಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಕೈಗೆ ಆ ಚಲನೆ ಕರಗತವಾದ ಮೇಲೆಯೇ ಪುಟ್ಟಿಯನ್ನು ಮುಟ್ಟುವುದು ಒಳಿತು. ನಮ್ಮ ಹಳ್ಳಿಗಳಲ್ಲಿ ರುಮಾಲು ಸುತ್ತಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ವಿಷಯದಲ್ಲಿ ಅವರಿಗಿಂತ ಉತ್ತಮರಾದ ಗುರುಗಳು ಯಾವ ಕಲಾಶಾಲೆಯಲ್ಲಿಯೂ ಸಿಕ್ಕರು.

ಬಟ್ಟೆಯ ದಪ್ಪದ ಮಾತೂ ಹೀಗೆಯೇ. ಸವಾರನ ಅಂಗಿಯ ಬಟ್ಟೆ ಒಂದು ಮಿಲಿಮೀಟರಿನಷ್ಟು ದಪ್ಪವಿತ್ತೆಂದರೆ ಮೂರ್ತಿಯಲ್ಲಿ ಅದರ ಅಂಚು ಹತ್ತನೆಯ ಒಂದು ಮಿಲಿಮೀಟರ್ ಇರತಕ್ಕದ್ದು. ಕೈ ತಪ್ಪಿ ಅದು ಒಂದು ಮಿಲಿಮೀಟರ್ ಆಯಿತೋ, ನಮ್ಮ ರಾವುತನು ಒಂದು ಸೆಂಟಿಮೀಟರ್ ದಪ್ಪದ ಜಮಖಾನೆಯನ್ನು ತೊಟ್ಟಂತಾಯಿತು. ಅಶ್ವದಳದವರ ಹೆಗಲ ಮೇಲೆ, ಕತ್ತಿಯ ಏಟನ್ನು ತಡೆಯುವುದಕ್ಕಾಗಿ ಹುಟ್ಟಿ ಕ್ರಮೇಣ ಆಭರಣವಾಗಿ ಉಳಿದ ಉಕ್ಕಿನ ಸರಪಳಿಯ ಹೆಣಿಗೆಯೊಂದು ಇರುತ್ತಿತ್ತು. ಅದನ್ನು ಪುಟ್ಟಿಯಲ್ಲಿ ಚುಚ್ಚಿ ತೋರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗದು. ವಿದ್ಯುತ್ ಮೋಟಾರಿನೊಳಗಣ ಸಣ್ಣ ತಾಮ್ರದ ತಂತಿಯನ್ನು ಸೂಜಿಗೆ ಒತ್ತಾಗಿ ಸುತ್ತಿ, ಉದ್ದಕ್ಕೆ ಕತ್ತರಿಸಿ, ಉದುರಿದ ಬಳೆಗಳನ್ನು ಚಿಮುಟದಿಂದ ಒಂದಕ್ಕೊಂದು ಕೋದರೆ ಆ ಹೆಣಿಗೆ ನಿಜವಾಗಿಯೂ ಹೆಗಲ ಇಳಿಜಾರಿನ ಮೇಲೆ ಬಾಗಿ ಕೂರುತ್ತದೆ. ಬೆಳಕು ಅದರ ಮೇಲೆ ಬೀಳುವ ರೀತಿಯೇ ಬೇರೆ.

ಪದಕಗಳ ವಿಚಾರದಲ್ಲಿ ಕಾಲದ ಪರಿಜ್ಞಾನ ಬೇಕು. 1912ರ ದಸರೆಯ ಸವಾರನ ಎದೆಯ ಮೇಲೆ ಮಹಾಯುದ್ಧದ ನಕ್ಷತ್ರ ಇರಲಾರದು. 1925ರ ದಸರೆಯಲ್ಲಿ, ಅವನು ಮೊದಲಿನಿಂದಲೂ ಈಜಿಪ್ಟಿನಲ್ಲಿದ್ದವನಾದರೆ, ಎಡಗಡೆಯಲ್ಲಿ ಮೂರು ಇರಬೇಕು: ಅಡ್ಡಗತ್ತಿಗಳುಳ್ಳ 1914–15ರ ಕಂಚಿನ ನಕ್ಷತ್ರ, ಬೆಳ್ಳಿಯ ಯುದ್ಧಪದಕ, ಎರಡು ಕಾಮನಬಿಲ್ಲುಗಳನ್ನು ಜೋಡಿಸಿದಂಥ ಪಟ್ಟಿಯ ವಿಜಯಪದಕ. ಬೆಳ್ಳಿಯ ಪದಕದ ನಿಜವಾದ ವ್ಯಾಸ 36 ಮಿಲಿಮೀಟರ್. ನಮ್ಮ ಅಳತೆಯಲ್ಲಿ 3.6. ಆ ಕಾಮನಬಿಲ್ಲಿನ ವರ್ಣಗಳಷ್ಟನ್ನೂ ನಾಲ್ಕು ಮಿಲಿಮೀಟರಿನೊಳಗೆ ಅನುಕ್ರಮ ತಪ್ಪದೆ ಎಳೆಯುವುದಕ್ಕೆ ಒಂದು ಮಧ್ಯಾಹ್ನ ಹಿಡಿದರೂ ಅದು ವ್ಯರ್ಥವಾದ ಮಧ್ಯಾಹ್ನವಲ್ಲ.

ಬಣ್ಣದ ಸಂಗತಿ ಎಲ್ಲಕ್ಕಿಂತ ಅಪಾಯಕಾರಿ. ಆ ಕಾಲದ ಫೋಟೋ ಫಲಕಗಳು ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ, ನೀಲಿಯನ್ನಾದರೋ ಅತಿಯಾಗಿ ಗ್ರಹಿಸುತ್ತಿದ್ದವು. ಆದುದರಿಂದ ಕಡುಗೆಂಪಿನ ನಡುಕಟ್ಟು ಚಿತ್ರದಲ್ಲಿ ಕಪ್ಪಾಗಿಯೂ ತಿಳಿನೀಲಿಯ ಪಟ್ಟಿ ಬೆಳ್ಳಗಾಗಿಯೂ ಬೀಳುತ್ತಿತ್ತು. ಕಪ್ಪು ಬಿಳುಪಿನ ಚಿತ್ರವೊಂದನ್ನು ಮುಂದಿಟ್ಟುಕೊಂಡು ಊಹೆಯಿಂದ ಬಣ್ಣ ಹಚ್ಚುವವನು, ಅಥವಾ ಈಗಿನ ಕಂಪ್ಯೂಟರುಗಳು ಕ್ಷಣಾರ್ಧದಲ್ಲಿ ಬಣ್ಣ ತುಂಬಿ ಕೊಡುವ ಚಿತ್ರಗಳನ್ನು ನಂಬುವವನು, ಆ ಸವಾರನಿಗೆ ಅವನು ಎಂದೂ ತೊಡದ ಉಡುಪನ್ನು ತೊಡಿಸುತ್ತಾನೆ. ಉಳಿದುಬಂದ ಅಂಗಿಯ ತುಂಡು, ಆ ಕಾಲದಲ್ಲಿಯೇ ಬರೆದ ವರ್ಣಚಿತ್ರ, ಉಡುಪಿನ ಸರ್ಕಾರಿ ಕಟ್ಟಳೆ, ಇವುಗಳಲ್ಲಿ ಯಾವುದಾದರೊಂದರ ಸಾಕ್ಷ್ಯ ಬೇಕೇಬೇಕು.

ಮುಖದ ಬಗೆಗೆ ಒಂದು ಮಾತು. ದಸರೆಗೆ ಮುಂಚಿತವಾಗಿ ಮೈಸೂರಿನಲ್ಲಿ ಆನೆ ಕುದುರೆಗಳನ್ನು ನಿಲ್ಲಿಸಿ ಫಿರಂಗಿ ಹಾರಿಸುವ ತಾಲೀಮನ್ನು ಕಂಡವರಿಗೆ ಗೊತ್ತು: ಸದ್ದು ಕೇಳಿದೊಡನೆ ಕುದುರೆಯ ಕಿವಿ ಹಿಂದಕ್ಕೆ ಬೀಳುತ್ತದೆ, ಸವಾರನ ಕಣ್ಣು ಜನರನ್ನು ಬಿಟ್ಟು ಆ ಕಿವಿಯ ಮೇಲಿರುತ್ತದೆ. ಮೆರವಣಿಗೆಯ ಸವಾರನ ಮುಖ ಹೊರಗೆ ಪ್ರಶಾಂತ. ದವಡೆಯ ಮೂಲದಲ್ಲಿ ಮಾತ್ರ ಒಂದು ಬಿಗಿ. ಎದೆಮಟ್ಟದ ಮೂರ್ತಿಯಲ್ಲಿ ಕುದುರೆಯಿಲ್ಲ, ಲಗಾಮು ಹಿಡಿದ ಕೈಯೂ ಇಲ್ಲ. ಆದರೂ ಅವನು ಕುದುರೆಯ ಮೇಲಿರುವವನೆಂದು ನೋಡುವವನಿಗೆ ಹೊಳೆಯಬೇಕಾದರೆ ಆ ತುಸು ಕೆಳಗಿಳಿದ ದೃಷ್ಟಿಯೂ ಆ ದವಡೆಯ ಬಿಗಿಯೂ ಬಂದಿರಬೇಕು. ಗುಂಡಿಗಳನ್ನೆಲ್ಲ ಸರಿಯಾಗಿ ಎಣಿಸಿಟ್ಟು ಇದೊಂದನ್ನು ಬಿಟ್ಟ ಮೂರ್ತಿ ನನ್ನ ದೃಷ್ಟಿಯಲ್ಲಿ ಅಪೂರ್ಣವೇ.

ಇಂಥ ಸೂಕ್ಷ್ಮಕರ್ಮ ನಮ್ಮ ನಾಡಿಗೆ ಹೊಸತೆಂದು ಯಾರೂ ಭಾವಿಸದಿರಲಿ. ನಮ್ಮ ಹಳ್ಳಿಗಳ ಕೆರೆಯ ಏರಿಗಳ ಮೇಲೂ ಗುಡಿಗಳ ಹಿಂದೆಯೂ ಒರಗಿ ನಿಂತ ವೀರಗಲ್ಲುಗಳ ಕೆಳಗಣ ಪಟ್ಟಿಕೆಯಲ್ಲಿ ಕಾದುವ ವೀರ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ವೀರನು ರಾವುತನಾದ ಕಲ್ಲುಗಳಲ್ಲಿ ಗೇಣುದ್ದದ ಕುದುರೆಗೆ ಲಗಾಮು, ತಡಿ, ಎದೆಪಟ್ಟಿಗಳನ್ನು ಬಿಡದೆ ಕಡೆದವರು ನಮ್ಮ ಪೂರ್ವಿಕರೇ. ಹಳೇಬೀಡಿನ ಗುಡಿಯ ತಳಪಟ್ಟಿಕೆಗಳಲ್ಲಿ ಅಶ್ವಾರೋಹಿಗಳ ಒಂದು ಸಾಲೇ ಇದೆ. ನಮ್ಮ ಸೀಮೆಯ ಅಮೃತಾಪುರದಲ್ಲಿ, 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು ಕಟ್ಟಿಸಿದ ಅಮೃತೇಶ್ವರನ ಗುಡಿಯ ಗೋಡೆಗಳ ಮೇಲೆ, ರಾಮಾಯಣ ಭಾರತ ಭಾಗವತಗಳ ಕಥಾಫಲಕಗಳಿವೆ. ಹೊಯ್ಸಳ ಶಿಲ್ಪಿಗಳಲ್ಲಿ ಪ್ರಸಿದ್ಧನಾದ ಮಲ್ಲಿತಮ್ಮನ ಕೈ ಆರಂಭದಲ್ಲಿ ಪಳಗಿದುದು ಅಲ್ಲಿಯೇ. ಇನ್ನು ಹತ್ತಿರದ ಕಾಲಕ್ಕೆ ಬಂದರೆ ಮೈಸೂರು ಅರಮನೆಯ ಕಲ್ಯಾಣಮಂಟಪದ 26 ಚಿತ್ರಗಳಿವೆ. ವೈ. ನಾಗರಾಜು, ಕೇಶವಯ್ಯ ಮೊದಲಾದ ಆಸ್ಥಾನ ಕಲಾವಿದರು ದಸರೆಯ ಮೆರವಣಿಗೆಯನ್ನು ಫೋಟೋಗಳ ಆಧಾರದಿಂದ, ಮುಖಗಳನ್ನೂ ಗುರುತಿಸಬಹುದಾದಂತೆ, ವರ್ಣಗಳಲ್ಲಿ ಬರೆದಿಟ್ಟರು. ಆ ಚಿತ್ರಗಳ ಮುಂದೆ ಪ್ರವಾಸಿಗಳು ಕ್ಷಣಕಾಲ ನಿಂತು ಮುಂದಕ್ಕೆ ಹೋಗುತ್ತಾರೆ. ಮೂರ್ತಿಕಾರನಿಗಾದರೋ ಅದೊಂದು ಭಂಡಾರ. ದೆಹಲಿಯ ತೀನ್‌ಮೂರ್ತಿಯಲ್ಲಿ ಲೆನಾರ್ಡ್ ಜೆನ್ನಿಂಗ್ಸ್ ಎಂಬ ಇಂಗ್ಲಿಷ್ ಶಿಲ್ಪಿ ಮಾಡಿದ ಮೂರು ಕಂಚಿನ ಲ್ಯಾನ್ಸರುಗಳಲ್ಲಿ ಒಬ್ಬನು ಮೈಸೂರಿನವನು. ಅಲ್ಲಿಯೇ ದಿನವೂ ಹಾದುಹೋಗುವ ಕನ್ನಡಿಗರು ಅವನನ್ನು ನಮ್ಮವನೆಂದು ಬಲ್ಲರೋ ಇಲ್ಲವೋ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕಸ್ತಂಭವಿದೆ, ಸ್ತಂಭಕ್ಕೆ ಮುಖವಿಲ್ಲ.

ನಾವೀಗ ಎತ್ತರದ ಮೂರ್ತಿಗಳ ಕಾಲದಲ್ಲಿದ್ದೇವೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ 2022ರಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿ ಎತ್ತರದ್ದು. ಅದನ್ನು ನಾನು ಆಕ್ಷೇಪಿಸುವವನಲ್ಲ. ನಾಡಪ್ರಭುವಿಗೆ ಆ ಗೌರವ ಸಲ್ಲತಕ್ಕದ್ದೇ. ಆದರೆ ತಲೆಯೆತ್ತಿ ನೋಡಬೇಕಾದ ಮೂರ್ತಿಗಳಿಂದ ಮಾತ್ರವೇ ಇತಿಹಾಸದ ಪರಿಚಯ ಪೂರ್ಣವಾಗದು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ಮೂರ್ತಿಯೂ ಬೇಕು. ಸಾಮಾನ್ಯ ಸವಾರನೊಬ್ಬನಿಗೆ 108 ಅಡಿಯ ಕಂಚನ್ನು ಯಾರೂ ಎರೆಯಿಸಲಾರರು, ಎರೆಯಿಸಬೇಕಾಗಿಯೂ ಇಲ್ಲ. ಮೂರು ಅಂಗುಲದಲ್ಲಿ ಅವನಿಗೆ ಪೂರ್ಣ ನ್ಯಾಯವನ್ನು ಒದಗಿಸಬಹುದು, ಮತ್ತು ಅದನ್ನು ಪ್ರತಿಯೊಂದು ಶಾಲೆಯ ಕಪಾಟಿಗೂ ಮುಟ್ಟಿಸಬಹುದು.

ಕೈಗಳಿಗೆ ಕೊರತೆಯಿಲ್ಲ. ಸಾಗರ, ಸೊರಬ, ಸಿರಸಿಗಳ ಗುಡಿಗಾರರು ಗಂಧದ ಕೊರಡಿನಲ್ಲಿ ಅಂಗುಲದೊಳಗೆ ಕಣ್ಣು ಮೂಗುಗಳನ್ನು ಬಿಡಿಸಬಲ್ಲವರು. ಮೊದಲ ಮಾದರಿಯನ್ನು ಕಡೆಯುವುದಕ್ಕೆ ಅವರಿಗಿಂತ ಯೋಗ್ಯರಿಲ್ಲ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿದ ಲೇಪದಿಂದ ಆಭರಣಗಳನ್ನು ಎಬ್ಬಿಸಿ ತೋರಿಸುವುದನ್ನು ತಲೆತಲಾಂತರದಿಂದ ಬಲ್ಲರು. ಬಣ್ಣದ ಕೆಲಸ ಅವರಿಗೆ ಸಲ್ಲಬೇಕು. ಚನ್ನಪಟ್ಟಣದ ಕಡೆತ ಚಕ್ರದ ಮೇಲಿನದಾದ್ದರಿಂದ ಮುಖಕ್ಕೆ ಒದಗದು. ಪೀಠಕ್ಕೆ ಅದರಷ್ಟು ನಯವಾದುದು ಬೇರೆಯಿಲ್ಲ. ಮಾದರಿಯೊಂದು ಸಿದ್ಧವಾದ ಮೇಲೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಎರೆದು ಪ್ರತಿಗಳನ್ನು ಮಾಡುವುದು ಸಣ್ಣ ಕಾರ್ಯಾಗಾರದಲ್ಲಿಯೇ ಆಗುವ ಕೆಲಸ.

ಅವರ ಕೈಗೆ ತಲಪದಿರುವುದು ಮಾಹಿತಿ. ಕಿನ್ನಾಳದ ಕುಶಲಿಯೊಬ್ಬನು ಲ್ಯಾನ್ಸರನ ರುಮಾಲಿನ ಹಿಂಭಾಗ ಹೇಗಿತ್ತೆಂದು ತಿಳಿಯಬೇಕಾದರೆ ಯಾವ ಬಾಗಿಲನ್ನು ತಟ್ಟಬೇಕು? ಪುರಾತತ್ತ್ವ, ವಸ್ತುಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯೂ ಕರ್ನಾಟಕ ಶಿಲ್ಪಕಲಾ ಅಕಾಡೆಮಿಯೂ ಕೂಡಿ, ಉಳಿದಿರುವ ಉಡುಪು, ಪಟ್ಟಿ, ಪದಕ, ಲಾಂಛನ, ಜೀನುಗಳನ್ನು ನಾಲ್ಕೂ ಕಡೆಗಳಿಂದ, ಪಕ್ಕದಲ್ಲಿ ಅಳತೆಪಟ್ಟಿಯನ್ನೂ ವರ್ಣಪಟ್ಟಿಯನ್ನೂ ಇರಿಸಿ, ಚಿತ್ರ ತೆಗೆಸಿ, ಕನ್ನಡದ ವಿವರಣೆಯೊಡನೆ ಒಂದು ಮಾದರಿಪುಸ್ತಕವಾಗಿ ಪ್ರಕಟಿಸಬೇಕು. ಕುಶಲಿಗಳಿಗೆ ಅದು ಉಚಿತವಾಗಿ ಸಿಗಬೇಕು. ಕಲ್ಯಾಣಮಂಟಪದ ಚಿತ್ರಗಳಲ್ಲಿ ಅಶ್ವದಳವಿರುವ ಭಾಗಗಳನ್ನು ಹತ್ತಿರದಿಂದ ತೆಗೆದ ಪ್ರತಿಗಳು ಅದರಲ್ಲಿರಬೇಕು. ಹಳೆಯ ಸವಾರರ ವಂಶಸ್ಥರು ನಾಡಿನಲ್ಲಿ ಅನೇಕರಿದ್ದಾರೆ, ಅರಸು ಮನೆತನಗಳಲ್ಲಿಯೂ ಮರಾಠರಲ್ಲಿಯೂ ಮುಸಲ್ಮಾನರಲ್ಲಿಯೂ. ಅವರ ಗೋಡೆಗಳ ಮೇಲಣ ಚಿತ್ರಗಳನ್ನು ಮನೆಯಿಂದ ಹೊರಕ್ಕೊಯ್ಯದೆ ಅಲ್ಲಿಯೇ ಪ್ರತಿ ತೆಗೆದುಕೊಳ್ಳುವ ಏರ್ಪಾಡಾಗಬೇಕು. ದಸರಾ ವಸ್ತುಪ್ರದರ್ಶನದಲ್ಲಿ ವರ್ಷಕ್ಕೊಮ್ಮೆ ಇಂಥ ಮೂರ್ತಿಗಳಿಗೊಂದು ಸ್ಪರ್ಧೆಯನ್ನಿರಿಸಿ, ನೋಟದ ಚೆಲುವಿನೊಡನೆ ಸಾಕ್ಷ್ಯದ ದೃಢತೆಗೂ ಅಂಕಗಳನ್ನು ಕೊಡಬೇಕು. ಪ್ರತಿಯೊಂದು ಪೀಠದ ಕೆಳಗೆ, ಈ ಸವಾರನು ಯಾವ ವರ್ಷದವನು, ಯಾವ ಚಿತ್ರ ಅಥವಾ ವಸ್ತುವಿನ ಆಧಾರದಿಂದ ಇವನನ್ನು ಮಾಡಿದೆ, ಮಾಡಿದವರು ಯಾರು ಎಂಬ ಮೂರು ಸಾಲುಗಳು ಕಡ್ಡಾಯವಾಗಿರಬೇಕು. ಹೊಯ್ಸಳರ ಕಾಲದ ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದರು. ಇಂದಿನ ಕುಶಲಿಯ ಹೆಸರು ಮಾತ್ರ ಅಂಗಡಿಯ ಚೀಟಿಯ ಹಿಂದೆ ಮರೆಯಾಗಬೇಕಾದ ಕಾರಣವಿಲ್ಲ.

ಮೊದಲ ಮೂರ್ತಿ ಯಾರದಾಗಬೇಕೆಂದು ಕೇಳಿದರೆ, ದಳಪತಿಗಳನ್ನು ಬಿಟ್ಟು ಸಾಮಾನ್ಯ ಸವಾರನನ್ನೇ ಆರಿಸಿ ಎಂದು ಹೇಳುತ್ತೇನೆ. ಅವನೊಬ್ಬನದೇ ಎರಡು ಮೂರ್ತಿಗಳನ್ನು ಜೋಡಿಯಾಗಿ ಮಾಡಿ ಎಂದೂ ಹೇಳುತ್ತೇನೆ. ಒಂದು 1913ರ ದಸರೆಯದು: ಪದಕವಿಲ್ಲದ ಎದೆ, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ, ರುಮಾಲು ಮೊನ್ನೆ ತಾನೆ ಕಲಿತು ಸುತ್ತಿಕೊಂಡದ್ದು. ಮತ್ತೊಂದು 1925ರ ದಸರೆಯದು: ಅದೇ ರುಮಾಲು, ಅದೇ ಲಾಂಛನ, ಎಡಗಡೆ ಮೂರು ಪದಕ, ಕೆನ್ನೆಯ ಮೇಲೆ ಸಿನಾಯಿಯ ಬಿಸಿಲು. ವಸ್ತುಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಅವೆರಡನ್ನು ಅಕ್ಕಪಕ್ಕದಲ್ಲಿ ಇರಿಸಲು ಬೇಕಾದ ಜಾಗ ಒಂದು ಗೇಣಿಗಿಂತ ಹೆಚ್ಚಿಲ್ಲ. ಮಾಡಲು ಬೇಕಾದ ಮರ, ಬಣ್ಣ, ತಾಮ್ರದ ತಂತಿ, ಎಲ್ಲವೂ ನಾಡಿನ ಯಾವ ಸಂತೆಯಲ್ಲಿಯಾದರೂ ಸಿಗುತ್ತವೆ. ಮಾದರಿಪುಸ್ತಕದ ಕೆಲಸವನ್ನು ಇಲಾಖೆ ಈ ವರ್ಷವೇ ಕೈಗೆತ್ತಿಕೊಂಡರೆ ಮುಂದಿನ ನವರಾತ್ರಿಯ ಹೊತ್ತಿಗೆ ಆ ಜೋಡಿ ಸಿದ್ಧವಾಗುವುದಕ್ಕೆ ಅಡ್ಡಿಯೇನೂ ನನಗೆ ಕಾಣದು.